ಟ್ಯಾಬ್ ಒತ್ತಿದರೆ ಡಿಲೀಟ್! ಜಾಂಗೋ ಶೆಲ್ "ಸುಧಾರಿಸಿ" ಕೊಡುವವರ ಬಗ್ಗೆ ಎಚ್ಚರ

ಡಿಬಗ್ಗಿಂಗ್‌ಗೆ ಜಾಂಗೋ ಶೆಲ್ (ಪೈಥಾನ್‌ನ ಜಾಂಗೋ ವೆಬ್ ಫ್ರೇಮ್‌ವರ್ಕ್‌ನಲ್ಲಿ ನೇರವಾಗಿ ಕೋಡ್ ಟೈಪ್ ಮಾಡಿ ಓಡಿಸುವ ಕಿಟಕಿ) ಚುರುಕು ಮಾಡಿಕೊಡ್ತೀವಿ ಅಂತ ಹೊರಗಿನವರು ಬಂದರೆ, ದುಡ್ಡು ಕೊಡೋ ಮೊದಲು ಅವರ ಐಪೈಥಾನ್ (ಶೆಲ್‌ನಲ್ಲಿ ಟೈಪ್ ಮಾಡಿದ್ದನ್ನು ಓಡಿಸುವ ಪ್ರೋಗ್ರಾಂ) ಕಾನ್ಫಿಗ್ ಫೈಲ್ ತೆರೆದು ಓದಿ. ನಮಗೆ ಸಿಕ್ಕ ಫೈಲಿನಲ್ಲಿ ಜೆಡಿ (ಟ್ಯಾಬ್ ಸಲಹೆ ಹುಡುಕುವ ಲೈಬ್ರರಿ) ಆಫ್, ಗ್ರೀಡಿ ಎಂಬ ಸೆಟ್ಟಿಂಗ್ ಆನ್. ಎರಡೇ ಸಾಲು. ಗ್ರೀಡಿ ಆನ್ ಇದ್ದರೆ, ಏನೇನು ಸಲಹೆ ತೋರಿಸಬೇಕು ಅಂತ ತಿಳಿಯೋಕೆ ಐಪೈಥಾನ್ ಚುಕ್ಕಿಯ ಹಿಂದಿರುವ ಕೋಡನ್ನು ನಿಜವಾಗಿಯೇ ಓಡಿಸುತ್ತದೆ. ಫಿಲ್ಟರ್ ಬರೆದು, ಡಿಲೀಟ್ ಸೇರಿಸಿ, ಆವರಣ ಮುಚ್ಚಿ, ಚುಕ್ಕಿ ಇಟ್ಟು ಟ್ಯಾಬ್ ಒತ್ತಿದ್ದು ಅಷ್ಟೇ. ಡೇಟಾಬೇಸ್‌ನ ರೋಗಳು (ದಾಖಲೆಗಳ ಸಾಲುಗಳು) ಮಾಯ. ಎಂಟರ್ ಒತ್ತೇ ಇಲ್ಲ! ಒತ್ತೇ ಇಲ್ಲ!

ಅವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಸ್ಯಾಂಡ್‌ಬಾಕ್ಸ್ ಮೋಡ್‌ನಲ್ಲಿ ಓಡಿಸಬೇಕಿತ್ತು ಸರ್, ಎಲ್ಲಾ ರೋಲ್‌ಬ್ಯಾಕ್ ಆಗುತ್ತೆ."

ಎಲ್ಲಾ ಎಲ್ಲಿ ಆಗುತ್ತೆ? ಆ ಸ್ಯಾಂಡ್‌ಬಾಕ್ಸ್ ಅಂದರೆ ಇಡೀ ಸೆಷನ್ನಿಗೆ ಅವರು ಸುತ್ತಿದ ಒಂದು ಅಟಾಮಿಕ್ ಬ್ಲಾಕ್: ಡೇಟಾಬೇಸ್ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಉಳಿಸುವ ಇಲ್ಲವೇ ಒಟ್ಟಿಗೆ ರದ್ದು (ರೋಲ್‌ಬ್ಯಾಕ್) ಮಾಡುವ ಕಟ್ಟು. ಡೇಟಾಬೇಸ್ ಹಿಂದಕ್ಕೆ ಹೋಗುತ್ತದೆ, ಸರಿ. ಹೋದ ಇಮೇಲ್? ಬೇರೆಯೇ ಸ್ಟೋರ್ ಆದ ರೆಡಿಸ್‌ನಲ್ಲಿ ಅಳಿಸಿದ ಕೀ? ನೇರವಾಗಿ ಡಿಲೇ ಕರೆದು ಸೆಲರಿ ಕ್ಯೂಗೆ (ಹಿನ್ನೆಲೆಯಲ್ಲಿ ಓಡುವ ಕೆಲಸಗಳ ಸಾಲಿಗೆ) ಹಾಕಿದ ಕೆಲಸ? ಅವು ಯಾವುವೂ ವಾಪಸ್ ಬರಲ್ಲ. ಆನ್‌ಕಮಿಟ್‌ನಲ್ಲಿ (ಬದಲಾವಣೆ ಖಾಯಂ ಆದ ಮೇಲೆ ಓಡಲಿ ಅಂತ) ಇಟ್ಟದ್ದು ಓಡುವುದೇ ಇಲ್ಲ, ಹಾಗಾಗಿ ಅದನ್ನು ಡಿಬಗ್ ಮಾಡೋಕೂ ಆಗಲ್ಲ. ಮೇಲಾಗಿ, ಶೆಲ್ ತೆರೆದಿಟ್ಟು ಊಟಕ್ಕೆ ಹೋದರೆ ನೀವು ಬದಲಿಸಿದ ರೋಗಳ ಲಾಕ್ ಹಾಗೇ ಇರುತ್ತದೆ. ಅದೇ ರೋ ಬದಲಿಸಬೇಕಾದ ವೆಬ್ ರಿಕ್ವೆಸ್ಟ್‌ಗಳು ಕಾಯುತ್ತಾ ಕೂರುತ್ತವೆ.

ಜಾಂಗೋ ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯೂಎಲ್ ಕಾಣ್ತಿಲ್ಲ ಅಂದಿದ್ದಕ್ಕೆ: "ಲೈವ್‌ನಲ್ಲಿ ಡಿಬಗ್ ಟ್ರೂ ಮಾಡಿ." ಲೈವ್‌ನಲ್ಲಿ! ಎರರ್ ಬಂದಾಗ ಸೆಟ್ಟಿಂಗ್ಸ್ ಸಮೇತ ಇಡೀ ಟ್ರೇಸ್‌ಬ್ಯಾಕ್ (ದೋಷದ ಜಾಡು) ಪುಟವನ್ನು ದಾರಿಹೋಕರಿಗೆಲ್ಲ ತೋರಿಸಲು ಹೇಳಿದ ಹಾಗೆ. ಶೆಲ್‌ ಒಳಗೆ ಕನೆಕ್ಷನ್‌ನ ಫೋರ್ಸ್ ಡಿಬಗ್ ಕರ್ಸರ್ ಟ್ರೂ ಮಾಡಿದರೆ ಕನೆಕ್ಷನ್ ಕ್ವೆರೀಸ್‌ನಲ್ಲಿ ಎಲ್ಲಾ ಬರುತ್ತದೆ, ಕೊನೆಯ 9000 ಕ್ವೆರಿಗಳವರೆಗೆ. ಇಷ್ಟು ಗೊತ್ತಿಲ್ಲದವರಿಗೆ ನಾವು ದುಡ್ಡು ಕೊಟ್ಟಿದ್ದೇವೆ, ಹೇಳಿಕೊಳ್ಳೋಕೂ ನಾಚಿಕೆ.

ಗ್ರೀಡಿ ಫಾಲ್ಸ್ ಇರಲಿ. ಲೈವ್ ಶೆಲ್‌ಗೆ ಸೆಲೆಕ್ಟ್ (ಓದುವ) ಹಕ್ಕು ಮಾತ್ರ ಇರುವ ಬೇರೆ ಡೇಟಾಬೇಸ್ ಯೂಸರ್ ಕೊಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ರೀಡ್ ಓನ್ಲಿ ಸೆಟ್ಟಿಂಗ್ ಒಂದನ್ನೇ ನಂಬಬೇಡಿ, ಒಂದು ಸೆಟ್ ಕಮಾಂಡ್‌ನಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಟೈಪ್ ಮಾಡಿದ ಟೋಕನ್, ಪಾಸ್‌ವರ್ಡ್ ಎಲ್ಲಾ ಐಪೈಥಾನ್ ಪ್ರೊಫೈಲ್ ಫೋಲ್ಡರಿನ ಹಿಸ್ಟರಿ ಎಸ್‌ಕ್ಯೂಲೈಟ್ ಫೈಲಿನಲ್ಲಿ ಕೂತಿರುತ್ತದೆ. ಸರ್ವರ್‌ಗೆ ಆ ಮಹಾಶಯರ ಲಾಗಿನ್ ಇನ್ನೂ ಇದ್ದರೆ ಮೊದಲು ಅದನ್ನು ತೆಗೆಯಿರಿ, ಆಮೇಲೆ ಟೋಕನ್‌ಗಳನ್ನು ಬದಲಿಸಿ.