ಜಿರ್ಕೋನಿಯಾ ಅಂತ ದುಡ್ಡು ಕೊಟ್ಟೆ, ಒಳಗಿದ್ದದ್ದು ಲೋಹ: ಹಲ್ಲಿಗೆ ಕ್ಯಾಪ್ ಹಾಕಿಸುವವರು ದಯವಿಟ್ಟು ಓದಿ

ಹಾಸನದಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಬೇಕು ಅಂತ ಓಡಾಡುತ್ತಿರುವವರು ಇದನ್ನು ಪೂರ್ತಿ ಓದಿ. ಕ್ಲಿನಿಕ್ ಹೆಸರು ಬರೆಯುತ್ತಿಲ್ಲ, ದೂರು ಕೊಡುವುದು ಇನ್ನೂ ಬಾಕಿ ಇದೆ. ಹೆಸರಿಗಿಂತ ನನಗೆ ಹೇಗೆ ಮೋಸ ಆಯಿತು ಅನ್ನುವುದು ನಿಮಗೆ ಗೊತ್ತಾಗಬೇಕು. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟಿದೆ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೆಳಗಡೆ ಬಲಗಡೆಯ ದವಡೆ ಹಲ್ಲಿಗೆ ಎಷ್ಟೋ ವರ್ಷದ ಹಿಂದೆ ಸಿಲ್ವರ್ ಫಿಲ್ಲಿಂಗ್ ಮಾಡಿಸಿದ್ದೆ. ಶಿವರಾತ್ರಿ ಆದಮೇಲೆ ತವರಿನಿಂದ ಕೊಬ್ಬರಿ ಬಂದಿತ್ತು. ಅರಸೀಕೆರೆ ಕಡೆಯ ಕೊಬ್ಬರಿ, ಗಟ್ಟಿ ಇರುತ್ತೆ ಗೊತ್ತಲ್ಲ. ಒಂದು ಚೂರು ಕಡಿದೆ, ಕಟಕ್ ಅಂತು. ಹಲ್ಲಿನ ಒಂದು ಪಕ್ಕವೇ ಕಳಚಿ ಕೈಗೆ ಬಂತು. ಎರಡು ದಿನ ಲವಂಗ ಇಟ್ಟುಕೊಂಡು ತಳ್ಳಿದೆ. ಮೂರನೇ ದಿನ ರಾತ್ರಿ ಕಿವಿಯವರೆಗೂ ನೋವು.

ಪರಿಚಯದವರು ಹೇಳಿದ ಕ್ಲಿನಿಕ್‌ಗೆ ಹೋದೆ. ಎಕ್ಸ್‌ರೇ ತೆಗೆದರು, ರೂಟ್ ಕೆನಾಲ್ ಮಾಡಬೇಕು, ಆಮೇಲೆ ಕ್ಯಾಪ್ ಹಾಕಲೇಬೇಕು ಅಂದರು. ಇದರಲ್ಲಿ ಸುಳ್ಳೇನಿಲ್ಲ, ಅದನ್ನು ಹೇಳಿಬಿಡುತ್ತೇನೆ. ಅಷ್ಟು ಮುರಿದ ದವಡೆ ಹಲ್ಲನ್ನು ರೂಟ್ ಕೆನಾಲ್ ಆದಮೇಲೆ ಹಾಗೇ ಬಿಟ್ಟರೆ ಅಗಿಯುವಾಗ ಸೀಳಿಹೋಗುತ್ತೆ, ಆಮೇಲೆ ಕೀಳಿಸಬೇಕಾಗುತ್ತೆ. ರೂಟ್ ಕೆನಾಲ್ ಕೂಡ ಚೆನ್ನಾಗೇ ಮಾಡಿದರು. ಮೂರು ಸಲ ಹೋದೆ, 4,500 ಕೊಟ್ಟೆ, ನೋವು ಹೋಯಿತು. ನೋವು ಹೋಯಿತಲ್ಲ, ಅಲ್ಲೇ ನಂಬಿಕೆ ಬಂದುಬಿಟ್ಟಿತು.

ಕ್ಯಾಪ್ ವಿಷಯ ಬಂದಾಗ ಮೂರು ಥರದ ಕ್ಯಾಪ್ ಟೇಬಲ್ ಮೇಲಿಟ್ಟು ತೋರಿಸಿದರು. ಒಂದು ಪೂರ್ತಿ ಲೋಹದ್ದು. ಇನ್ನೊಂದು ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣದ ಸಿರಾಮಿಕ್. ಮೂರನೆಯದು ಜಿರ್ಕೋನಿಯಾ, ಲೋಹವೇ ಇಲ್ಲ, ಒಳಗೂ ಹೊರಗೂ ಬಿಳಿ. ಎರಡನೆಯದಕ್ಕೆ 5,000, ಜಿರ್ಕೋನಿಯಾಗೆ 12,000. ಡಾಕ್ಟರ್ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಮೇಡಂ, ಐದು ಸಾವಿರದ್ದು ಹಾಕಿಸಿದ್ರೆ ಮುಂದೆ ವಸಡಿನ ಹತ್ರ ಕಪ್ಪು ಗೆರೆ ಕಾಣುತ್ತೆ, ಮೇಲಿನ ಸಿರಾಮಿಕ್ ಒಡೆದ್ರೆ ಲೋಹ ಕಾಣುತ್ತೆ. ಜಿರ್ಕೋನಿಯಾಗೆ ಆ ತೊಂದ್ರೆನೇ ಇಲ್ಲ. ಹತ್ತು ವರ್ಷ ವಾರಂಟಿ, ಕಾರ್ಡ್ ಬರುತ್ತೆ."

12,000 ನಮ್ಮಂಥವರಿಗೆ ಸಣ್ಣ ದುಡ್ಡಲ್ಲ. ಮನೆಯವರು ಐದು ಸಾವಿರದ್ದೇ ಸಾಕು ಅಂದರು. ನಾನೇ ಹಟ ಮಾಡಿದೆ. ಚೀಟಿ ದುಡ್ಡು ಬಂದಿತ್ತು, ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದೆ, ಅದರಲ್ಲೇ ತೆಗೆದೆ. ಒಂದೇ ಸಲ ಖರ್ಚು ಮಾಡಿದರೆ ಹತ್ತು ವರ್ಷ ಚಿಂತೆ ಇಲ್ಲ ಅಂತ.

ಹಲ್ಲನ್ನು ಸುತ್ತಲೂ ತೇದು ಸಣ್ಣ ಗೂಟದ ಹಾಗೆ ಮಾಡಿದರು, ಅಚ್ಚು ತೆಗೆದರು, ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಿದರು. ಬಣ್ಣ ಹೊಂದಿಸುವುದಕ್ಕೆ ಹಲ್ಲಿನ ಮಾದರಿಗಳ ಪಟ್ಟಿ ಹಿಡಿದು ನೋಡಿದರು, ನಾನು ಬ್ಲೌಸ್ ಪೀಸಿಗೆ ದಾರ ಹಿಡಿದು ನೋಡುವ ಹಾಗೆ. ವಾರ ಕಳೆದು ಹೋದಾಗ ಕ್ಯಾಪ್ ಬಂದಿತ್ತು. ಡಾಕ್ಟರ್ ಅದನ್ನು ಕೈಗೇ ಕೊಡಲಿಲ್ಲ. ನೇರ ಬಾಯಿಗೆ ಹಾಕಿದರು, ನೀಲಿ ಕಾಗದ ಕಚ್ಚಿಸಿ ಎತ್ತರ ನೋಡಿದರು, ಎರಡು ಸಲ ತೇದರು, ಸಿಮೆಂಟ್ ಹಾಕಿ ಕೂರಿಸಿಯೇಬಿಟ್ಟರು. ಕಾರ್ಡ್ ಎಲ್ಲಿ ಸರ್ ಅಂದೆ. "ಲ್ಯಾಬ್‌ನಿಂದ ಬರುತ್ತೆ ಮೇಡಂ, ಬಂದ ಕೂಡ್ಲೆ ಫೋನ್ ಮಾಡ್ತೀವಿ."

ರಸೀದಿಯಲ್ಲಿ ಏನಿತ್ತು ಗೊತ್ತಾ? "ಕ್ಯಾಪ್ 1, ರೂ. 12,000." ಅಷ್ಟೇ. ಯಾವ ಕ್ಯಾಪ್ ಅಂತ ಇಲ್ಲ. ಜಿರ್ಕೋನಿಯಾ ಅನ್ನುವ ಪದವೇ ಇಲ್ಲ. ನಾನು ನೋಡಿದೆ, ಮಡಿಸಿ ಪರ್ಸಿಗೆ ಹಾಕಿಕೊಂಡೆ. ಕೇಳಲಿಲ್ಲ. ಬಟ್ಟೆ ಅಂಗಡಿಯಲ್ಲಿ ಒಂದು ಮೀಟರ್ ಲೈನಿಂಗ್ ತೆಗೆದುಕೊಂಡರೂ ಬಿಲ್ಲಿನಲ್ಲಿ ಕಾಟನ್ನೋ ಪಾಲಿಯೆಸ್ಟರೋ ಅಂತ ನೋಡುವವಳು ನಾನು. ಅಲ್ಲಿ ಕೇಳಲಿಲ್ಲ. ಡಾಕ್ಟರ್ ಮುಂದೆ ಹಾಗೆಲ್ಲ ಕೇಳಬಾರದು ಅಂತ ಒಂದು ಸಂಕೋಚ ಇರುತ್ತಲ್ಲ, ಅದೇ.

ಕಾರ್ಡಿಗೆ ಏಪ್ರಿಲ್‌ನಲ್ಲಿ ಫೋನ್ ಮಾಡಿದೆ. ಜೂನ್‌ನಲ್ಲಿ ಮಾಡಿದೆ. "ಬಂದಿಲ್ಲ ಮೇಡಂ." ಆಮೇಲೆ ನಾನೂ ಮರೆತೆ.

ದೀಪಾವಳಿಗೆ ಮುಂಚೆ, ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ. ಊರೆಲ್ಲ ಜನ, ನನಗೂ ಹೊಲಿಗೆ ಕೆಲಸ ಜಾಸ್ತಿ. ರಾತ್ರಿ ಹನ್ನೊಂದಾಗಿತ್ತು. ಹುಕ್ಸ್ ಹಾಕುತ್ತಾ ಕೂತಿದ್ದೆ, ಪಕ್ಕದಲ್ಲಿ ಚಕ್ಕುಲಿ ಡಬ್ಬ. ಒಂದು ಚೂರು ಅಗಿದೆ, ಬಾಯಲ್ಲಿ ಏನೋ ಗಾಜಿನ ಚೂರಿನ ಹಾಗೆ ಸಿಕ್ಕಿತು. ಅಂಗೈಗೆ ಉಗಿದು ನೋಡಿದೆ, ಬಿಳಿ ಸಿಪ್ಪೆ. ನಾಲಿಗೆ ಆಡಿಸಿದರೆ ಚೂಪಾಗಿ ತಾಗುತ್ತಿತ್ತು. ಮಗಳನ್ನು ಕರೆದೆ. ಮೊಬೈಲ್ ಟಾರ್ಚ್ ಹಾಕಿ ನೋಡಿದಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅಂದಳು, "ಅಮ್ಮ, ಒಳಗೆ ಸ್ಟೀಲ್ ಕಾಣ್ತಿದೆ."

ಇಲ್ಲ ಕಣೆ, ಅದು ಜಿರ್ಕೋನಿಯಾ, ಸರಿಯಾಗಿ ನೋಡು ಅಂದೆ. ಫೋಟೊ ತೆಗೆದು ತೋರಿಸಿದಳು. ಬಿಳಿ ಪದರ ಎದ್ದುಹೋದ ಜಾಗದಲ್ಲಿ ಹೊಳೆಯುವ ಬೂದು ಬಣ್ಣ. ಸ್ಟೀಲ್ ಚಮಚದ ಬಣ್ಣ. ದೊಡ್ಡದು ಮಾಡಿ ನೋಡಿದೆ, ಕನ್ನಡಿ ಮುಂದೆ ಹೋಗಿ ಮತ್ತೆ ನೋಡಿದೆ. ಅದೇ. ಟೇಬಲ್ ಮೇಲೆ ಇಟ್ಟು ತೋರಿಸಿದ್ದರಲ್ಲ, ಎರಡನೆಯದು, ಐದು ಸಾವಿರದ್ದು, ಅದೇ ನನ್ನ ಬಾಯಲ್ಲಿ. ಏಳು ತಿಂಗಳಿಂದ ಅದೇ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ, ಮನೆಯವರಿಗೆ ಬೆಳಿಗ್ಗೆ ಹೇಗೆ ಹೇಳುವುದು ಅನ್ನುವುದೇ ಜಾಸ್ತಿ ಆಗಿತ್ತು.

ಮಾರನೇ ದಿನ ಕ್ಲಿನಿಕ್‌ಗೆ ಹೋದೆ. ರಿಸೆಪ್ಷನ್ ಹುಡುಗಿ ಸರ್ ಇಲ್ಲ ಅಂದಳು. ಒಳಗೆ ಮಾತು ಕೇಳುತ್ತಿತ್ತು. ಕೂತೆ. ಮುಕ್ಕಾಲು ಗಂಟೆ ಆದಮೇಲೆ ಕರೆದರು.

ಮೊದಲನೇ ಉತ್ತರ: "ಏನ್ ತಿಂದ್ರಿ? ಚಕ್ಕುಲಿನಾ? ಗಟ್ಟಿ ತಿಂದ್ರೆ ಯಾವ ಕ್ಯಾಪ್ ಆದ್ರೂ ಒಡೆಯುತ್ತೆ ಮೇಡಂ." ಸರಿ ಸರ್, ಒಡೆಯಲಿ. ಒಳಗೆ ಲೋಹ ಯಾಕೆ ಇದೆ?

ಎರಡನೇ ಉತ್ತರ: "ಜಿರ್ಕೋನಿಯಂ ಅನ್ನೋದೇ ಒಂದು ಲೋಹ ಅಲ್ವಾ? ಅದಕ್ಕೆ ಹಾಗೆ ಕಾಣುತ್ತೆ." ಇದನ್ನು ನಗುತ್ತಾ ಹೇಳಿದರು. ನನಗೆ ಆ ಕ್ಷಣ ಬಾಯಿ ಕಟ್ಟಿಹೋಯಿತು. ಇರಬಹುದೇನೋ ಅನ್ನಿಸಿತು ಕೂಡ. ನನ್ನ ಪುಣ್ಯ, ಮಗಳು ಜೊತೆಗಿದ್ದಳು, ಪಿಯುಸಿ ಸೈನ್ಸ್ ಓದುತ್ತಾಳೆ. "ಸರ್, ಜಿರ್ಕೋನಿಯಂ ಲೋಹ, ಜಿರ್ಕೋನಿಯಾ ಅದರ ಆಕ್ಸೈಡ್. ಅದು ಬಿಳಿ ಇರುತ್ತೆ, ಸ್ಟೀಲ್ ಥರ ಹೊಳೆಯಲ್ಲ" ಅಂದಳು. ಡಾಕ್ಟರ್ ಮುಖದ ನಗು ಹೋಯಿತು.

ಮೂರನೇ ಉತ್ತರ: "ನಾನು ನಿಮಗೆ ಸಿರಾಮಿಕ್ ಕ್ಯಾಪ್ ಅಂತ ಹೇಳಿದ್ದು. ಜಿರ್ಕೋನಿಯಾ ಅಂತ ಎಲ್ಲಿ ಬರೆದಿದೆ, ತೋರಿಸಿ."

ಎಲ್ಲಿ ಬರೆದಿದೆ, ತೋರಿಸಿ. ಈ ಒಂದು ಮಾತು ಇದೆಯಲ್ಲ, ಇದು ಇನ್ನೂ ಕಿವಿಯಲ್ಲಿದೆ. ರಸೀದಿ ನನ್ನ ಕೈಯಲ್ಲೇ ಇತ್ತು, ಅದರಲ್ಲಿ ಬರೆದಿಲ್ಲ ಅಂತ ಅವರಿಗೂ ಗೊತ್ತಿತ್ತು. ಬರೆಯದೆ ಬಿಟ್ಟದ್ದೇ ಇದಕ್ಕೆ ಅಂತ ನನಗೆ ಆಗ ಅರ್ಥ ಆಯಿತು. ಹೊರಗೆ ಇಬ್ಬರು ಮೂವರು ಕಾಯುತ್ತಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನೇ ಏನೋ ತಪ್ಪು ಮಾಡಿದವಳ ಹಾಗೆ ಅನ್ನಿಸಿತು. ಕೊನೆಗೆ ಏನಂದರು ಗೊತ್ತಾ? "ಆರು ಸಾವಿರ ಕೊಡಿ, ಹೊಸದು ಹಾಕಿಕೊಡ್ತೀನಿ. ನಿಮಗೋಸ್ಕರ ಅರ್ಧ ರೇಟು." ಎದ್ದು ಬಂದೆ.

ಇನ್ನೊಬ್ಬರು ಡಾಕ್ಟರ್ ಹತ್ತಿರ ತೋರಿಸಿದೆ. ಅವರು ನೋಡಿದ ತಕ್ಷಣ ಹೇಳಿದರು, ಇದು ಲೋಹದ ಮೇಲೆ ಸಿರಾಮಿಕ್ ಹಾಕಿದ್ದು. ನಾಲಿಗೆಯ ಕಡೆ ವಸಡಿನ ಅಂಚಿನಲ್ಲಿ ಒಂದು ಬೂದು ಗೆರೆ ಇತ್ತಂತೆ, ಸಣ್ಣ ಕನ್ನಡಿ ಹಿಡಿದು ನನಗೂ ತೋರಿಸಿದರು. ಏಳು ತಿಂಗಳು ನನ್ನ ಬಾಯಲ್ಲೇ ಇದ್ದ ಗೆರೆ ನನಗೇ ಕಂಡಿರಲಿಲ್ಲ. ಜಿರ್ಕೋನಿಯಾದಲ್ಲೂ ಕೆಲವಕ್ಕೆ ಮೇಲೆ ಬೇರೆ ಪದರ ಇರುತ್ತದಂತೆ, ಅದೂ ಒಡೆಯಬಹುದು, ಆದರೆ ಒಡೆದರೂ ಒಳಗೆ ಬಿಳಿಯೇ ಕಾಣುತ್ತದಂತೆ. ಇನ್ನೊಂದು ಮಾತು ಅಂದರು. ಲೋಹ ಇರುವ ಕ್ಯಾಪ್ ಕೆಟ್ಟದ್ದೇನಲ್ಲ, ದವಡೆ ಹಲ್ಲಿಗೆ ವರ್ಷಾನುಗಟ್ಟಲೆ ಬಾಳುತ್ತೆ, ಎಷ್ಟೋ ಜನರಿಗೆ ಅದೇ ಹಾಕುತ್ತೇವೆ, ಅದರ ಬೆಲೆಗೆ. ಅದರ ಬೆಲೆಗೆ! ನನ್ನ ಜಗಳವೂ ಅದೇ. ಐದು ಸಾವಿರದ್ದು ಅಂತ ಹೇಳಿ ಹಾಕಿದ್ದರೆ ನಾನು ಹಾಕಿಸಿಕೊಳ್ಳುತ್ತಿದ್ದೆ. ಕಾಟನ್ ಲೈನಿಂಗ್ ಅಂತ ದುಡ್ಡು ತೆಗೆದುಕೊಂಡು ಒಳಗೆ ಪಾಲಿಯೆಸ್ಟರ್ ಕೊಟ್ಟು ಹೊಲಿದರೆ ನನ್ನ ಮನೆ ಬಾಗಿಲಿಗೆ ಯಾರಾದರೂ ಮತ್ತೆ ಬರುತ್ತಾರಾ?

ಈಗ ಆ ಕ್ಯಾಪನ್ನು ಕತ್ತರಿಸಿ ತೆಗೆಯಬೇಕು. ಸುಮ್ನೆ ಎಳೆದು ಕಿತ್ತರೆ ಒಳಗೆ ಉಳಿದಿರುವ ಹಲ್ಲು ಮುರಿಯಬಹುದಂತೆ. ಮತ್ತೆ ಅಚ್ಚು, ಮತ್ತೆ ಕ್ಯಾಪ್, ಮತ್ತೆ ದುಡ್ಡು. ತೇದ ಹಲ್ಲು ವಾಪಸ್ ಬರುವುದಿಲ್ಲವಲ್ಲ, ಬಿಟ್ಟು ಸುಮ್ಮನಿರುವ ಹಾಗೂ ಇಲ್ಲ. ತೆಗೆಸುವುದಕ್ಕೆ ಮುಂಚೆ ಆ ಡಾಕ್ಟರ್ ಹತ್ತಿರ ಇದು ಯಾವ ಕ್ಯಾಪ್ ಅಂತ ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡಿದ್ದೇನೆ. ಒಡೆದ ಚೂರನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದೇನೆ.

ನೀವು ಕ್ಯಾಪ್ ಹಾಕಿಸುವುದಿದ್ದರೆ ಇಷ್ಟು ಮಾಡಿ. ಹಲ್ಲು ತೇಯುವುದಕ್ಕೆ ಮುಂಚೆಯೇ ಯಾವ ಕ್ಯಾಪ್, ಎಷ್ಟು ದುಡ್ಡು ಅಂತ ಕಾಗದದಲ್ಲಿ ಬರೆಸಿಕೊಳ್ಳಿ, ತೇದಮೇಲೆ ನೀವು ಅವರ ಕೈಯಲ್ಲಿರುತ್ತೀರ. ಸಿಮೆಂಟ್ ಹಾಕುವ ಮುಂಚೆ ಕ್ಯಾಪನ್ನು ಕೈಗೆ ಕೇಳಿ, ತಿರುಗಿಸಿ ಒಳಗಡೆ ನೋಡಿ. ಲೋಹ ಇದ್ದರೆ ಅಲ್ಲೇ ಕಾಣುತ್ತೆ, ಅದಕ್ಕೆ ಓದು ಬರಹ ಬೇಡ. ಲ್ಯಾಬ್ ಕಾರ್ಡ್ ಕೈಗೆ ಬರುವವರೆಗೆ ಕೊನೇ ಕಂತು ಕೊಡಬೇಡಿ. ಎಷ್ಟು ದೊಡ್ಡ ಡಾಕ್ಟರ್ ಆದರೂ ಕೊಡಬೇಡಿ. ಅನುಮಾನ ಬಂದರೆ ನಮ್ಮ ಹಾಸನದಲ್ಲೇ ಡೆಂಟಲ್ ಕಾಲೇಜು ಇದೆ, ಅಲ್ಲಿ ಒಂದು ಸಲ ತೋರಿಸಿ.

ದೂರಿನ ವಿಷಯ ನಾನು ವಿಚಾರಿಸಿದ್ದೇನೆ. ದುಡ್ಡು ಕೊಟ್ಟು ಮಾಡಿಸಿಕೊಂಡ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತೆ, ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನದಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. 1915 ಗ್ರಾಹಕ ಸಹಾಯವಾಣಿ.

ಒಂದು ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯಲೇಬೇಕು. ಮೇ ತಿಂಗಳಲ್ಲಿ ಚನ್ನರಾಯಪಟ್ಟಣದಿಂದ ನನ್ನ ಓರಗಿತ್ತಿಯನ್ನು ಕರೆಸಿ ಇದೇ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ಒಳ್ಳೇ ಡಾಕ್ಟರ್, ಜಿರ್ಕೋನಿಯಾನೇ ಹಾಕಿಸಿಕೋ ಅಂತ ನಾನೇ ಹೇಳಿದ್ದು. ಅವಳೂ 12,000 ಕೊಟ್ಟಳು. ಅವಳಿಗೂ ಕಾರ್ಡ್ ಬಂದಿಲ್ಲ. ನಾಲ್ಕು ದಿನ ಫೋನ್ ಮಾಡುವುದಕ್ಕೇ ಧೈರ್ಯ ಬರಲಿಲ್ಲ. ಕೊನೆಗೆ ಮಾಡಿದೆ, ನಾಲಿಗೆಯ ಕಡೆ ಗೆರೆ ಇದೆಯಾ ನೋಡು ಅಂದೆ. ಅವಳ ಮಗ ಫೋಟೊ ತೆಗೆದು ಕಳಿಸಿದ. ಇತ್ತು. ನನ್ನದಕ್ಕಿಂತ ಎದ್ದು ಕಾಣುತ್ತಿತ್ತು.

"ನೀವು ಹೇಳಿದ್ರಿ ಅಂತ ಹೋದೆ ಅಕ್ಕ" ಅಂದಳು. ಬೈಯಲಿಲ್ಲ, ಅಷ್ಟೇ ಅಂದಳು. ನಾನು ಅತ್ತುಬಿಟ್ಟೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಅವಳು ಬರುತ್ತಾಳೆ. ಎರಡು ರಸೀದಿ, ಎರಡು ಫೋಟೊ, ಡಾಕ್ಟರ್ ಬರೆದುಕೊಟ್ಟ ಕಾಗದ, ಎಲ್ಲ ಒಂದು ಕವರಿಗೆ ಹಾಕಿಟ್ಟಿದ್ದೇನೆ. ದೂರು ಕೊಡಲು ಇಬ್ಬರೂ ಒಟ್ಟಿಗೇ ಹೋಗುತ್ತಿದ್ದೇವೆ. "ಕಾರ್ಡ್ ಲ್ಯಾಬ್‌ನಿಂದ ಬರುತ್ತೆ" ಅಂತ ಹೇಳಿಸಿಕೊಂಡು ಇನ್ನೂ ಕಾಯುತ್ತಿರುವವರು ಯಾರಾದರೂ ಇದ್ದರೆ, ಇವತ್ತೇ ಕನ್ನಡಿ ಮುಂದೆ ನಿಂತು ನಾಲಿಗೆಯ ಕಡೆ ನೋಡಿಕೊಳ್ಳಿ. ರಸೀದಿ ಹುಡುಕಿ ತೆಗೆದಿಡಿ.