ಅಂಗಡಿಯ ಸ್ವಂತ ಹೆಸರಿನ ಡಯಟ್ ಕೋಲಾ: ಮೂರು ವಾರ ಕುಡಿದು ನೋಡಿದ ಮೇಲೆ

ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ನಾಲ್ಕು ವರ್ಷಗಳಾದವು. ಅನ್ನ ಕಡಿಮೆ ಮಾಡುವುದು ಅಷ್ಟೇನೂ ಕಷ್ಟವಾಗಲಿಲ್ಲ, ಆದರೆ ಬೇಸಿಗೆಯ ಮಧ್ಯಾಹ್ನ ಊಟದ ಜೊತೆ ಕುಡಿಯುತ್ತಿದ್ದ ತಣ್ಣನೆಯ ಕೋಲಾವನ್ನು ಬಿಡುವುದು ನಿಜಕ್ಕೂ ಕಷ್ಟವಾಯಿತು. 355 ಮಿಲಿಲೀಟರಿನ ಒಂದು ಕ್ಯಾನ್ ಕೋಕಾ-ಕೋಲಾದಲ್ಲಿ 39 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಒಂಬತ್ತು ಚಮಚಕ್ಕೂ ಹೆಚ್ಚು. ಹೀಗಾಗಿ ಡಯಟ್ ಕೋಲಾಕ್ಕೆ ಹೊರಳಿದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮನೆಗೆ ಹತ್ತಿರದ ದಿನಸಿ ಮಳಿಗೆಯವರು ತಮ್ಮದೇ ಹೆಸರಿನಲ್ಲಿ ಮಾರುವ ಡಯಟ್ ಕೋಲಾದ ಹನ್ನೆರಡು ಕ್ಯಾನಿನ ಪೆಟ್ಟಿಗೆ, ಡಯಟ್ ಕೋಕ್‌ನ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತದೆ.

ಅಂಗಡಿಯ ಹೆಸರಿನ ಸರಕೆಂದರೆ ಕೀಳು ಸರಕು ಎಂಬ ಭಾವನೆ ನಮ್ಮವರಲ್ಲಿ ಬಲವಾಗಿದೆ. ಆದರೆ ಇಂಥ ಮಳಿಗೆಗಳು ಸಾಮಾನ್ಯವಾಗಿ ತಾವೇ ಕೋಲಾ ತಯಾರಿಸುವುದಿಲ್ಲ, ಪಾನೀಯ ತುಂಬುವ ದೊಡ್ಡ ಕಂಪನಿಗಳಿಂದ ಮಾಡಿಸಿಕೊಳ್ಳುತ್ತವೆ. ಕೆನಡಾದ ಕಾಟ್ ಕಂಪನಿ ವಾಲ್‌ಮಾರ್ಟ್ ಸೇರಿದಂತೆ ಅನೇಕ ಮಳಿಗೆಗಳಿಗೆ ವರ್ಷಗಟ್ಟಲೆ ಹೀಗೆ ಕೋಲಾ ಮಾಡಿಕೊಟ್ಟಿತ್ತು. ಆದ್ದರಿಂದ ಬೆಲೆ ಕಡಿಮೆ ಎಂದ ಮಾತ್ರಕ್ಕೆ ಒಳಗಿನ ಸರಕು ಕಳಪೆ ಎಂದು ಕುಡಿಯುವ ಮೊದಲೇ ತೀರ್ಮಾನಿಸುವುದು ಸರಿಯಲ್ಲ.

ಹೆಸರು ಕಂಡರೆ ನಾಲಗೆ ಪಕ್ಷಪಾತ ಮಾಡುತ್ತದೆ. ಅದಕ್ಕಾಗಿ ನನ್ನ ಹೆಂಡತಿ ಅಡುಗೆಮನೆಯಲ್ಲೇ ಡಯಟ್ ಕೋಕ್ ಮತ್ತು ಅಂಗಡಿಯ ಕೋಲಾವನ್ನು ಎರಡು ಗಾಜಿನ ಲೋಟಗಳಿಗೆ ಸುರಿದು, ತಳಕ್ಕೆ ಗುರುತಿನ ಚೀಟಿ ಅಂಟಿಸಿ ತಂದಿಟ್ಟಳು. ಕಣ್ಣಿಗೆ ಎರಡೂ ಒಂದೇ ಬಣ್ಣ. ಒಂದು ಲೋಟದ ನೊರೆ ಮಾತ್ರ ಬೇಗ ಇಳಿದು, ಅಂಚಿನಲ್ಲಿ ತೆಳುವಾದ ಉಂಗುರವಾಗಿ ನಿಂತಿತು. ಅದರ ಮೊದಲ ಗುಟುಕು ಚೆನ್ನಾಗಿತ್ತು. ಸಿಹಿ ತಕ್ಷಣ ನಾಲಗೆಗೆ ತಗುಲಿತು, ಹಿಂದೆಯೇ ನಿಂಬೆಯನ್ನು ನೆನಪಿಸುವ ಹುಳಿ ಬಂತು, ಗಂಟಲಿನಲ್ಲಿ ಗ್ಯಾಸಿನ ಚುರುಕೂ ಇತ್ತು. ನುಂಗಿದ ಮೇಲೆ ನಾಲಗೆಯ ಹಿಂಬದಿಯಲ್ಲಿ ಸ್ಟೀಲ್ ಚಮಚ ನೆಕ್ಕಿದಂಥ ಒಂದು ರುಚಿ ಉಳಿಯಿತು. ಅದೇ ಅಂಗಡಿಯ ಕೋಲಾ.

ಕ್ಯಾನಿನ ಮೇಲಿನ ಪಟ್ಟಿ ಓದಿದಾಗ ಕಾರಣ ಗೊತ್ತಾಯಿತು. ಡಯಟ್ ಕೋಕ್‌ನಲ್ಲಿ ಸಿಹಿಗೆಂದು ಇರುವುದು ಆಸ್ಪರ್ಟೇಮ್, ಇದರಲ್ಲಿ ಆಸ್ಪರ್ಟೇಮ್ ಜೊತೆಗೆ ಅಸೆಸಲ್ಫೇಮ್ ಪೊಟ್ಯಾಸಿಯಂ ಕೂಡ ಇದೆ. ಎರಡೂ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಎರಡನೆಯದು ಬೇಗ ಸಿಹಿ ಕೊಡುತ್ತದೆ, ಆದರೆ ಕೊನೆಯಲ್ಲಿ ಸ್ವಲ್ಪ ಕಹಿ ಬಿಡುತ್ತದೆ. ಲೋಟ ತಣ್ಣಗಿರುವಷ್ಟು ಹೊತ್ತು ಈ ಕಹಿ ಅಡಗಿರುತ್ತದೆ, ಅರ್ಧ ಲೋಟ ಉಳಿದು ತಂಪು ಇಳಿದ ಮೇಲೆ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಡಯಟ್ ಕೋಲಾದ ನಿಜವಾದ ಪರೀಕ್ಷೆ ನಡೆಯುವುದು ಕೊನೆಯ ಆ ಅರ್ಧ ಲೋಟದಲ್ಲಿ, ಅಲ್ಲಿ ಇದು ಡಯಟ್ ಕೋಕ್‌ಗೆ ಸಮವಲ್ಲ.

ಊಟದ ಜೊತೆಗೆ ಮಾತ್ರ ಕಥೆಯೇ ಬೇರೆ. ಭಾನುವಾರ ಖಾರವಾದ ಬಿಸಿಬೇಳೆಬಾತ್ ಜೊತೆ ಎರಡೂ ಕೋಲಾಗಳನ್ನು ಕುಡಿದೆವು. ಲವಂಗ, ಚಕ್ಕೆ, ಹುಣಸೆಹುಳಿಯ ಎದುರು ಆ ಕಹಿ ಎಲ್ಲಿಯೂ ಕಾಣಲಿಲ್ಲ, ಹುಳಿ ಮತ್ತು ಗ್ಯಾಸು ಮಾತ್ರ ಹಿತವಾಗಿ ಉಳಿದವು. ಯಾವುದು ಯಾವ ಕೋಲಾ ಎಂದು ಹೇಳಲು ನಮ್ಮಿಬ್ಬರಿಗೂ ಆಗಲಿಲ್ಲ.

ಒಂದು ದೂರು ಮಾತ್ರ ಹೇಳಲೇಬೇಕು. ಎರಡನೆಯ ಪೆಟ್ಟಿಗೆಯ ಕ್ಯಾನುಗಳು ಒಂದಾದ ಮೇಲೊಂದು ಸಪ್ಪೆಯಾಗಿದ್ದವು. ಗ್ಯಾಸು ಸರಿಯಾಗಿಯೇ ಇತ್ತು, ಸಿಹಿ ಮಾತ್ರ ಕಡಿಮೆಯಾಗಿತ್ತು. ತಳ ತಿರುಗಿಸಿ ನೋಡಿದರೆ ತಾರೀಖು ಮುಗಿದು ಎರಡು ತಿಂಗಳಾಗಿತ್ತು. ಆಸ್ಪರ್ಟೇಮ್ ಕಾಲ ಕಳೆದಂತೆ, ಅದರಲ್ಲೂ ಬಿಸಿಯಲ್ಲಿ, ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಮಳಿಗೆಯವರು ಮರುಮಾತಿಲ್ಲದೆ ಹಣ ಹಿಂದಿರುಗಿಸಿದರು ನಿಜ, ಆದರೆ ಅಂಥ ಪೆಟ್ಟಿಗೆ ಕಪಾಟಿನಲ್ಲಿ ಇರಲೇಬಾರದಿತ್ತು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮ್ ಅನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿದ ಮೇಲೆ ಅನೇಕರು ಹೆದರಿದ್ದಾರೆ. ಆದರೆ ಅದೇ ಸಮಯದಲ್ಲಿ ತಜ್ಞರ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 70 ಕಿಲೋ ತೂಕದವರು ಆ ಮಿತಿ ಮುಟ್ಟಬೇಕಾದರೆ ದಿನಕ್ಕೆ ಒಂಬತ್ತಕ್ಕೂ ಹೆಚ್ಚು ಕ್ಯಾನ್ ಕುಡಿಯಬೇಕು. ನಾನು ಕುಡಿಯುವುದು ವಾರಕ್ಕೆ ಮೂರು.

ಬರಿದೇ ಕುಡಿಯಲು ಡಯಟ್ ಕೋಕ್, ಊಟದ ಜೊತೆ ಅಂಗಡಿಯ ಕೋಲಾ ಎಂದು ಈಗ ಮನೆಯಲ್ಲಿ ನಿಶ್ಚಯಿಸಿಕೊಂಡಿದ್ದೇವೆ. ಬೇಸಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಪೆಟ್ಟಿಗೆ ತರುವುದಿಲ್ಲ, ತಂದದ್ದನ್ನು ಬಿಸಿಯೇರುವ ಗ್ಯಾರೇಜಿನಲ್ಲಿ ಇಡುವುದಿಲ್ಲ, ತಾರೀಖು ನೋಡದೆ ಗಾಡಿಗೆ ಹಾಕಿಕೊಳ್ಳುವುದೂ ಇಲ್ಲ.