128 ಜಿಬಿ ಅಂತ ಕೊಟ್ಟಿದ್ದು 8 ಜಿಬಿ ಕಾರ್ಡ್! ಶೂಟ್‌ಗೆ ಹೋಗೋ ಮುಂಚೆ ಇದನ್ನು ಓದಿ

ಮಾಧ್ಯಮ ಓದುತ್ತಿರುವವರು, ಹೊಸದಾಗಿ ಕ್ಯಾಮೆರಾ ಹಿಡಿದವರು ದಯವಿಟ್ಟು ಪೂರ್ತಿ ಓದಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕ ಮೆಮೊರಿ ಕಾರ್ಡ್ ನಂಬಿ ನಮ್ಮ ಡಾಕ್ಯುಮೆಂಟರಿಯ ಮುಖ್ಯ ಸಂದರ್ಶನವನ್ನೇ ಕಳೆದುಕೊಂಡೆ. ಬರೆಯೋಕೂ ನಾಚಿಕೆ ಆಗ್ತಿದೆ, ಆದರೂ ಬರೀತಿದ್ದೇನೆ.

ಕಾರ್ಡ್ ಮೇಲೆ 128 ಜಿಬಿ, ವಿ30 (ಬರೆಯುವ ವೇಗದ ಗುರುತು) ಅಂತ ಅಚ್ಚಾಗಿತ್ತು. ಕ್ಯಾಮೆರಾಗೆ ಹಾಕಿ ಫಾರ್ಮ್ಯಾಟ್ ಮಾಡಿದೆ, ಏನೂ ತಕರಾರಿಲ್ಲ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 170 ನಿಮಿಷ ಉಳಿದಿದೆ ಅಂತ ಸ್ಕ್ರೀನ್ ತೋರಿಸಿತು. 8 ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್), 128 ಜಿಬಿಗೆ ಲೆಕ್ಕ ಅಷ್ಟೇ ಬರುತ್ತೆ, ಅನುಮಾನ ಯಾಕೆ ಬರಬೇಕು? ಮೊದಲ ಕ್ಲಿಪ್ 9 ನಿಮಿಷ. ಪ್ಲೇ ಮಾಡಿ ನೋಡಿದೆ, ಚೆನ್ನಾಗಿತ್ತು. ಆಮೇಲೆ 22 ನಿಮಿಷದ್ದೊಂದು, 14 ನಿಮಿಷದ್ದೊಂದು. ಕೆಂಪು ದೀಪ ಉರೀತಾನೇ ಇತ್ತು, ಟೈಮ್‌ಕೋಡ್ ಓಡ್ತಾನೇ ಇತ್ತು, ಒಂದೇ ಒಂದು ಎರರ್ ಬರಲಿಲ್ಲ.

ರಾತ್ರಿ ಕಾಪಿ ಮಾಡೋಕೆ ಕೂತರೆ ಮೂರೂ ಫೈಲಿನ ಹೆಸರಿದೆ. ಎರಡನೆಯದು 16.5 ಜಿಬಿ ಅಂತಲೂ ತೋರಿಸ್ತಿದೆ. ಆದರೆ ತೆರೆಯಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ಗೆ ಕೊಟ್ಟರೆ ‘ಮೂವ್ ಆಟಮ್ ನಾಟ್ ಫೌಂಡ್’, ಅಂದರೆ ಫೈಲಿನ ಸೂಚಿ ಸಿಗಲಿಲ್ಲ ಅಂತ. ಫೈಲಿನ ಬೈಟುಗಳನ್ನು ಹಾಗೇ ತೋರಿಸೋ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೆಳಗೆ ಸ್ಕ್ರೋಲ್ ಮಾಡಿದೆ: 00 00 00 00. ಪುಟಗಟ್ಟಲೆ ಬರೀ ಸೊನ್ನೆ. ಮೂರನೇ ಫೈಲಂತೂ ಮೊದಲಿನಿಂದ ಕೊನೇವರೆಗೂ ಸೊನ್ನೆ. ಕೈಕಾಲು ತಣ್ಣಗಾಯ್ತು. ಸಂದರ್ಶನ ಕೊಟ್ಟ ಹಿರಿಯರು ಅಷ್ಟು ಮನಸ್ಸು ಬಿಚ್ಚಿ ಆಡಿದ ಮಾತು, ಅವರ ಮುಖ, ಈ ಎರಡು ಫೈಲಿನಲ್ಲಿ ಒಂದೂ ಇಲ್ಲ.

ಒಳಗೆ ಇರೋದು 8 ಜಿಬಿ ಚಿಪ್. ಅದನ್ನು ನಡೆಸೋ ಕಂಟ್ರೋಲರ್‌ಗೆ ‘128 ಅಂತ ಹೇಳು’ ಎಂದು ಸುಳ್ಳು ಕಲಿಸಿಟ್ಟಿದ್ದಾರೆ. 8 ಜಿಬಿ ತುಂಬಿದ ಮೇಲೆ ಬರೋದನ್ನೆಲ್ಲ ‘ಬರೆದೆ’ ಅಂತ ಒಪ್ಪಿಕೊಂಡು ಬಿಸಾಡುತ್ತೆ. ಫೈಲುಗಳ ಹೆಸರು, ಗಾತ್ರದ ಪಟ್ಟಿ ಕಾರ್ಡಿನ ಆರಂಭದಲ್ಲೇ ಇರೋದರಿಂದ ಅದು ಮಾತ್ರ ಸರಿಯಾಗಿ ಕಾಣುತ್ತೆ. ಎಂಪಿ4ನ ಸೂಚಿಯನ್ನು, ಅಂದರೆ ಆ ಮೂವ್ ಆಟಮ್ ಅನ್ನು, ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯುತ್ತೆ. ಅದೇ ಹೋದ ಮೇಲೆ ಅದಕ್ಕೂ ಮೊದಲಿನ ಚಿತ್ರ ಇದ್ದರೂ ಪ್ಲೇ ಆಗಲ್ಲ. ಅನ್‌ಟ್ರಂಕ್ ಅನ್ನೋ ವಿಡಿಯೋ ರಿಪೇರಿ ಟೂಲ್‌ಗೆ, ಸರಿಯಿದ್ದ ಮೊದಲ ಕ್ಲಿಪ್ಪನ್ನೇ ಮಾದರಿ ಕೊಟ್ಟು ಎರಡನೆಯದರಿಂದ ಒಂದೂವರೆ ನಿಮಿಷ ಎತ್ತಿದೆ. ಅಷ್ಟೇ ಸಿಕ್ಕಿದ್ದು.

ಮಾರಿದವರಿಗೆ ಮೆಸೇಜ್ ಹಾಕಿದೆ. ಮೊದಲ ಉತ್ತರ: ‘ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ ಸರ್.’ ಫೂಟೇಜ್ ಹೋಗಿದೆ ಅಂತ ಅಳ್ತಾ ಇದ್ರೆ ಫಾರ್ಮ್ಯಾಟ್ ಮಾಡಬೇಕಂತೆ! ಎರಡನೆಯದು: ‘ನಿಮ್ಮ ಕ್ಯಾಮೆರಾ ಪ್ರಾಬ್ಲಮ್ ಇರಬೇಕು, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಕಾರ್ಡ್ ತುಂಬಿಸಿ ಓದಿ ಪರೀಕ್ಷಿಸೋ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಏಳೂ ಚಿಲ್ಲರೆ ಜಿಬಿ ಓಕೆ, ಮಿಕ್ಕಿದ್ದೆಲ್ಲ ಡೇಟಾ ಲಾಸ್ಟ್ ಅಂತ ಬಂದ ರಿಪೋರ್ಟ್ ಕಳಿಸಿದೆ. ಆಗ ಬಂದದ್ದು: ‘ರಿಟರ್ನ್ ಟೈಮ್ ಮುಗಿದಿದೆ ಸರ್.’ ಕಾರ್ಡ್ ಸರಿ ಇದೆ ಅಂತಾನೂ ಹೇಳಲಿಲ್ಲ, ನೋಡಿ. ಟೈಮ್ ಮುಗಿದಿದೆ ಅಂತ ಮಾತ್ರ!

ಯಾವುದೇ ಹೊಸ ಕಾರ್ಡ್ ಬಂದ ದಿನವೇ, ರಿಟರ್ನ್ ಅವಧಿಯೊಳಗೇ, ಪೂರ್ತಿ ತುಂಬಿಸಿ ಓದಿಸಿ ನೋಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್, ಲಿನಕ್ಸ್‌ಗೆ ಎಫ್3: ಮೊದಲು ಎಫ್3ರೈಟ್, ಆಮೇಲೆ ಎಫ್3ರೀಡ್. 128 ಜಿಬಿಗೆ ಎರಡು ಮೂರು ಗಂಟೆ ಹಿಡಿದರೂ ಹಿಡಿಯಲಿ. ಕ್ವಿಕ್ ಫಾರ್ಮ್ಯಾಟ್‌ನಿಂದ ಏನೂ ಗೊತ್ತಾಗಲ್ಲ. ವೇಗವನ್ನೂ ಅಲ್ಲೇ ನೋಡಿ: ವಿ30 ಅಂದರೆ ಬರೆಯುವಾಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯಬಾರದು. ನನ್ನದು ಅಷ್ಟು ವೇಗ ಮುಟ್ಟುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಅದೃಷ್ಟಕ್ಕೆ ಕ್ಯಾಮೆರಾದ ಬಫರ್ (ಬರೆಯೋ ಮುಂಚೆ ಡೇಟಾ ಕಾಯೋ ಜಾಗ) ತುಂಬಿ ರೆಕಾರ್ಡಿಂಗ್ ನಿಂತಿದ್ದರೂ ಅವತ್ತೇ ತಿಳಿಯುತ್ತಿತ್ತು. ಸ್ಥಳದಲ್ಲೇ ಪ್ಲೇ ಮಾಡಿ ನೋಡುವಾಗ ಮೊದಲ ಕ್ಲಿಪ್ ಅಲ್ಲ, ಕೊನೆಯ ಕ್ಲಿಪ್ಪಿನ ಕೊನೆ ನೋಡಿ. ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ಒಟ್ಟಿಗೆ ರೆಕಾರ್ಡ್ ಮಾಡಿ, ಒಂದೇ ಕಡೆ ಕೊಂಡ ಕಾರ್ಡ್ ಎರಡಕ್ಕೂ ಬೇಡ.

ಪೂರ್ತಿ ಉಳಿದಿರೋದು ಧ್ವನಿ ಮಾತ್ರ. ಬೇರೆ ರೆಕಾರ್ಡರ್‌ನಲ್ಲಿ, ಹಳೇ ಕಾರ್ಡಿನಲ್ಲಿ, 48 ಕಿಲೋಹರ್ಟ್ಜ್ 24 ಬಿಟ್‌ನಲ್ಲಿ 45 ನಿಮಿಷವೂ ಸ್ಪಷ್ಟವಾಗಿದೆ. ಈಗ ಅದರ ಮೇಲೆ ಹೊದಿಸೋಕೆ ಬೇರೆ ದೃಶ್ಯ ತೆಗೆಯುತ್ತಿದ್ದೇವೆ.